ಚದುರಂಗವನ್ನು ಕಂಪ್ಯೂಟರ್ ಪೂರ್ತಿಯಾಗಿ ಬಿಡಿಸಬಲ್ಲದೇ?

ಕೊನೆಯಾಟ:

ಚದುರಂಗ ಮತ್ತು ಕಂಪ್ಯೂಟರಿನ ಮಾತು ಬಂದಾಗಲೆಲ್ಲ ಎರಡು ಹೇಳಿಕೆಗಳು ಕೇಳಿಬರುತ್ತವೆ. ವಿಶ್ವ ಚಾಂಪಿಯನ್ ಕೂಡ ಇಂದು ಮೊಬೈಲ್ ಫೋನಿನ ಎದುರು ಸೋಲುತ್ತಾರೆ, ಆದ್ದರಿಂದ ಕಂಪ್ಯೂಟರ್ ಚೆಸ್ಸನ್ನು ಮುಗಿಸಿಯೇಬಿಟ್ಟಿದೆ ಎಂಬುದು ಮೊದಲನೆಯದು. ಚೆಸ್ಸಿನ ಸಾಧ್ಯತೆಗಳು ವಿಶ್ವದ ಪರಮಾಣುಗಳಿಗಿಂತ ಹೆಚ್ಚು, ಆದ್ದರಿಂದ ಅದನ್ನು ಯಾರೂ ಎಂದಿಗೂ ಬಿಡಿಸಲಾರರು ಎಂಬುದು ಎರಡನೆಯದು. ಮಕ್ಕಳಿಗೆ ಚೆಸ್ ಕಲಿಸುವ ನನಗೆ ಪಾಲಕರಿಂದ ಈ ಎರಡೂ ಮಾತುಗಳು ಅಷ್ಟೇ ಖಚಿತವಾದ ದನಿಯಲ್ಲಿ ಕೇಳಿಬಂದಿವೆ. ಎರಡೂ ಒಟ್ಟಿಗೆ ನಿಜವಾಗಲಾರವು ಎಂಬುದಷ್ಟೇ ಅಲ್ಲ, ನನ್ನ ತಿಳಿವಳಿಕೆಯಲ್ಲಿ ಬೇರೆಬೇರೆಯಾಗಿ ನೋಡಿದರೂ ಎರಡೂ ನಿಲ್ಲುವುದಿಲ್ಲ. ಆ ಕಾರಣಕ್ಕೆ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಮೊದಲು, ಬಿಡಿಸುವುದೆಂದರೆ ಏನು ಎಂಬುದನ್ನು ಒಪ್ಪಿಕೊಳ್ಳೋಣ. 1913ರಲ್ಲಿ ಜರ್ಮನ್ ಗಣಿತಜ್ಞ ಅರ್ನ್ಸ್ಟ್ ಝೆರ್ಮೆಲೊ ಅವರು ಚೆಸ್ಸಿನಂತಹ ಆಟಗಳ ಬಗ್ಗೆ ಒಂದು ಪ್ರಮೇಯವನ್ನು ಮಂಡಿಸಿದರು. ಎರಡೂ ಕಡೆಯವರಿಗೆ ಎಲ್ಲವೂ ಕಾಣುವ, ದಾಳದಂತಹ ಅದೃಷ್ಟದ ಅಂಶವಿಲ್ಲದ, ಒಂದು ಮಿತಿಯೊಳಗೆ ಮುಗಿಯುವ ಆಟದಲ್ಲಿ ಮೂರೇ ಸಾಧ್ಯತೆಗಳಿವೆ: ಬಿಳಿಯ ಕಡೆಯವರು ತಪ್ಪಿಲ್ಲದೆ ಆಡಿದರೆ ಗೆಲ್ಲಲೇಬೇಕು, ಅಥವಾ ಕರಿಯ ಕಡೆಯವರು ಹಾಗೆ ಗೆಲ್ಲಲೇಬೇಕು, ಅಥವಾ ಇಬ್ಬರೂ ಕನಿಷ್ಠ ಡ್ರಾ ಮಾಡಿಕೊಳ್ಳಬಲ್ಲರು. ಮೂರರಲ್ಲಿ ಒಂದು ಈಗಾಗಲೇ ನಿಜವಾಗಿದೆ; ಯಾವುದು ಎಂಬುದು ಮಾತ್ರ ನಮಗೆ ಗೊತ್ತಿಲ್ಲ.

ಈ ಉತ್ತರವನ್ನು ತಿಳಿಯುವುದರಲ್ಲಿ ಮೂರು ಹಂತಗಳಿವೆ. ಡಚ್ ಸಂಶೋಧಕ ವಿಕ್ಟರ್ ಆಲಿಸ್ ಅವರ 1994ರ ಪ್ರಬಂಧ ಈ ವಿಂಗಡಣೆಯನ್ನು ಸ್ಪಷ್ಟವಾಗಿ ವಿವರಿಸಿದೆ. ಆರಂಭದ ಸ್ಥಿತಿಯ ಫಲಿತಾಂಶವನ್ನಷ್ಟೇ ಹೇಳುವುದು ಕನಿಷ್ಠ ಹಂತ. ಆರಂಭದಿಂದ ಹಿಡಿದು, ಎದುರಾಳಿ ಏನೇ ಆಡಿದರೂ ಆ ಫಲಿತಾಂಶವನ್ನು ಉಳಿಸಿಕೊಳ್ಳುವ ದಾರಿಯನ್ನು ತೋರಿಸುವುದು ದುರ್ಬಲ ಪರಿಹಾರ. ಮಣೆಯ ಮೇಲೆ ನಿಯಮಬದ್ಧವಾಗಿ ಬರಬಹುದಾದ ಪ್ರತಿಯೊಂದು ಸ್ಥಿತಿಗೂ ಸರಿಯಾದ ಉತ್ತರವನ್ನು ಹೇಳಬಲ್ಲದ್ದು ಪ್ರಬಲ ಪರಿಹಾರ. ಹೆಕ್ಸ್ ಎಂಬ ಆಟದಲ್ಲಿ ಮೊದಲು ಆಡುವವರಿಗೆ ಗೆಲುವಿದೆ ಎಂಬುದು ಮಣೆಯ ಗಾತ್ರ ಎಷ್ಟೇ ಇದ್ದರೂ ಸಾಬೀತಾಗಿದೆ. ಏಕೆಂದರೆ ಅಲ್ಲಿ ಹೆಚ್ಚಿನ ಒಂದು ಕಾಯಿ ಎಂದೂ ಹಾನಿ ಮಾಡುವುದಿಲ್ಲ. ಚೆಸ್ಸಿನಲ್ಲಿ ಆ ತರ್ಕ ನಡೆಯದು. ಕೈಕಟ್ಟಿ ಕುಳಿತಿದ್ದರೆ ಉಳಿಯುತ್ತಿದ್ದ ಆಟವನ್ನು, ನಡೆಯಲೇಬೇಕಾದ ಇಕ್ಕಟ್ಟಿನಿಂದಾಗಿ ಕಳೆದುಕೊಳ್ಳುವ ಸ್ಥಿತಿಗಳು ಕೊನೆಯಾಟದಲ್ಲಿ, ಅಂದರೆ ಕೆಲವೇ ಕಾಯಿಗಳು ಉಳಿದ ಹಂತದಲ್ಲಿ, ಹೇರಳವಾಗಿವೆ. ಆದ್ದರಿಂದ ಮೊದಲ ನಡೆಯ ಹಕ್ಕು ಬಿಳಿಗೆ ಲಾಭವೇ ಎಂಬ ಸರಳ ಪ್ರಶ್ನೆಗೂ ಚೆಸ್ಸಿನಲ್ಲಿ ಗಣಿತದ ಉತ್ತರವಿಲ್ಲ.

ನನ್ನ ಪ್ರಶ್ನೆ ಇದು: ದುರ್ಬಲ ಪರಿಹಾರವಾದರೂ ನಮಗೆ ದಕ್ಕೀತೇ? ದಕ್ಕದಿದ್ದರೆ, ತಡೆಯುವುದು ಏನು?

ಗಣಿತಪ್ರಿಯ:

ಕೊನೆಯಾಟ ಅವರೇ, ಪರಮಾಣುಗಳ ಹೋಲಿಕೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಅತಿ ಹೆಚ್ಚು ಗೊಂದಲ ಉಂಟುಮಾಡಿರುವುದು ಅದೇ. ಕ್ಲಾಡ್ ಶಾನನ್ ಅವರು 1950ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಎರಡೂ ಕಡೆಯ ಒಂದೊಂದು ನಡೆ ಸೇರಿ ಸುಮಾರು ಸಾವಿರ ಆಯ್ಕೆಗಳು, ಒಂದು ಆಟಕ್ಕೆ ಅಂತಹ 40 ಜೋಡಿ ನಡೆಗಳು ಎಂದಿಟ್ಟುಕೊಂಡು, ಸಾಧ್ಯವಿರುವ ಆಟಗಳ ಸಂಖ್ಯೆಯನ್ನು 10ರ 120ನೆಯ ಘಾತವೆಂದು ಅಂದಾಜು ಮಾಡಿದರು. ಕಣ್ಣಿಗೆ ಕಾಣುವ ವಿಶ್ವದಲ್ಲಿರುವ ಪರಮಾಣುಗಳ ಸಂಖ್ಯೆ 10ರ 80ನೆಯ ಘಾತದ ಆಸುಪಾಸು. ಆಟಗಳ ಮಟ್ಟಿಗೆ ಹೋಲಿಕೆ ಸರಿ.

ಆದರೆ ಆಟವನ್ನು ಬಿಡಿಸಲು ಆಟಗಳನ್ನು ಎಣಿಸಬೇಕಾಗಿಲ್ಲ, ಸ್ಥಿತಿಗಳನ್ನು ನೋಡಿದರೆ ಸಾಕು. ಒಂದೇ ಸ್ಥಿತಿಗೆ ಲಕ್ಷಾಂತರ ದಾರಿಗಳಿಂದ ಬರಬಹುದು; ಅದರ ಉತ್ತರ ಮಾತ್ರ ಒಂದೇ. ಜಾನ್ ಟ್ರಾಂಪ್ ಅವರು ಯಾದೃಚ್ಛಿಕವಾಗಿ ಆರಿಸಿದ ಸ್ಥಿತಿಗಳು ನಿಜವಾದ ಆಟದಲ್ಲಿ ಬರಬಲ್ಲವೇ ಎಂದು ಪರಿಶೀಲಿಸುವ ಕ್ರಮದಿಂದ ನಿಯಮಬದ್ಧ ಸ್ಥಿತಿಗಳ ಸಂಖ್ಯೆಯನ್ನು ಸುಮಾರು 4.8 ಗುಣಿಸು 10ರ 44ನೆಯ ಘಾತ ಎಂದು ಅಂದಾಜಿಸಿದ್ದಾರೆ, ಅಂದರೆ 48ರ ಮುಂದೆ 43 ಸೊನ್ನೆಗಳು. ಇದು ವಿಶ್ವದ ಪರಮಾಣುಗಳಿಗಿಂತ ಬಹಳ ಕಡಿಮೆ. ಭೂಮಿಯೊಂದರಲ್ಲಿಯೇ ಇರುವ ಸುಮಾರು 10ರ 50ನೆಯ ಘಾತದಷ್ಟು ಪರಮಾಣುಗಳಿಗಿಂತಲೂ ಕಡಿಮೆ. ಅಲ್ಲದೆ, ಈ ಸಂಖ್ಯೆಯ ಬಹುಪಾಲು ಸ್ಥಿತಿಗಳು ಪದಾತಿಗಳು ಬಡ್ತಿ ಪಡೆದು ಮೂರು ನಾಲ್ಕು ಮಂತ್ರಿಗಳು, ಐದಾರು ಕುದುರೆಗಳು ಮಣೆಯಲ್ಲಿ ಕಿಕ್ಕಿರಿದಿರುವ, ಯಾರೂ ಎಂದೂ ಆಡದ ಸ್ಥಿತಿಗಳು.

ಒಂದು ಸಣ್ಣ ಲೆಕ್ಕ ಮಾಡಿ ನೋಡಿದೆ. ಒಂದು ಸ್ಥಿತಿಯ ಉತ್ತರವನ್ನು ಒಂದೇ ಒಂದು ಸಿಲಿಕಾನ್ ಪರಮಾಣುವಿನಲ್ಲಿ ಬರೆದಿಡುವ ವಿದ್ಯೆ ಬಂತೆಂದುಕೊಂಡರೆ, ಪ್ರಬಲ ಪರಿಹಾರಕ್ಕೆ ಬೇಕಾದ ಸಿಲಿಕಾನಿನ ತೂಕ 2.2 ಗುಣಿಸು 10ರ 19ನೆಯ ಘಾತದಷ್ಟು ಕಿಲೋಗ್ರಾಂ, ಅಂದರೆ ಚಂದ್ರನ ತೂಕದ ಮೂರು ಸಾವಿರದಲ್ಲೊಂದು ಭಾಗಕ್ಕಿಂತ ತುಸು ಕಡಿಮೆ. ಶಕ್ತಿಯ ಲೆಕ್ಕವೂ ಹೀಗೆಯೇ. ಸಾಮಾನ್ಯ ಉಷ್ಣತೆಯಲ್ಲಿ ಒಂದು ಬಿಟ್ ಮಾಹಿತಿಯನ್ನು ಅಳಿಸಲು ತಗಲುವ ಕನಿಷ್ಠ ಶಕ್ತಿಯನ್ನು ಭೌತವಿಜ್ಞಾನ ನಿಗದಿಪಡಿಸಿದೆ. ಸ್ಥಿತಿಯೊಂದಕ್ಕೆ ಒಂದೇ ಬಿಟ್ ಎಂದಿಟ್ಟುಕೊಂಡರೂ ಒಟ್ಟು ಮೊತ್ತವು ಸೂರ್ಯನಿಂದ ಇಡೀ ಭೂಮಿಗೆ ಮೂರು ತಿಂಗಳಲ್ಲಿ ಬರುವ ಶಕ್ತಿಯಷ್ಟಾಗುತ್ತದೆ. ನಿಜವಾದ ಯಂತ್ರಕ್ಕೆ ಇದರ ಅನೇಕ ಪಟ್ಟು ಬೇಕು. ಆದ್ದರಿಂದ ಪ್ರಬಲ ಪರಿಹಾರ ಮನುಷ್ಯರ ಕೈಗೆ ಸಿಗುತ್ತದೆಂದು ನಾನು ನಂಬುವುದಿಲ್ಲ. ಆದರೂ ಅದು ಪ್ರಕೃತಿಯ ನಿಯಮಗಳು ನಿಷೇಧಿಸಿದ ವಸ್ತುವಲ್ಲ, ನಮ್ಮ ಶಕ್ತಿಗೆ ಮೀರಿದ ವಸ್ತು. ಈ ಎರಡರ ನಡುವಿನ ಅಂತರವನ್ನು ಕಾಪಾಡಿಕೊಳ್ಳಬೇಕೆಂಬುದು ನನ್ನ ವಿನಂತಿ.

ಹಿಮ್ಮುಖನಡೆ:

ಲೆಕ್ಕಗಳನ್ನು ಓದಿ ಸಂತೋಷವಾಯಿತು. ಆದರೆ ಪ್ರಶ್ನೆಯ ಪ್ರಾಯೋಗಿಕ ಭಾಗಕ್ಕೆ ಉತ್ತರ ಈಗಾಗಲೇ ಸಿಕ್ಕಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ: ಚೆಸ್ ಡ್ರಾ ಆಟ. ಎಂಜಿನ್‌ಗಳ, ಅಂದರೆ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂಗಳ, ನಡುವಿನ ಪಂದ್ಯಗಳನ್ನು ಅನುಸರಿಸುವವರಿಗೆಲ್ಲ ತಿಳಿದಿರುವಂತೆ, ಅತ್ಯುತ್ತಮ ಎಂಜಿನ್‌ಗಳನ್ನು ಆರಂಭದ ಸ್ಥಿತಿಯಿಂದ ಸಾಕಷ್ಟು ಸಮಯ ಕೊಟ್ಟು ಆಡಿಸಿದರೆ ಒಂದರ ಹಿಂದೊಂದು ಡ್ರಾ ಆಗುತ್ತಲೇ ಹೋಗುತ್ತದೆ. ಆದ್ದರಿಂದಲೇ ಸಂಘಟಕರು ಒಂದು ಕಡೆಗೆ ಸ್ವಲ್ಪ ವಾಲಿದ ಆರಂಭಗಳನ್ನು ಮೊದಲೇ ಆಯ್ದು ಕೊಡುತ್ತಾರೆ ಮತ್ತು ಅದೇ ಆರಂಭವನ್ನು ಬಣ್ಣ ಬದಲಿಸಿ ಇನ್ನೊಮ್ಮೆ ಆಡಿಸುತ್ತಾರೆ. ಎಂಜಿನ್ ಬಳಕೆಗೆ ಅನುಮತಿಯಿರುವ ಅಂಚೆ ಚೆಸ್ಸಿನ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ, ಒಂದೊಂದು ನಡೆಗೂ ದಿನಗಟ್ಟಲೆ ಯೋಚಿಸುವ ಆಟಗಾರರ ನಡುವೆ, ಇತ್ತೀಚಿನ ಫೈನಲ್‌ಗಳ ಬಹುಪಾಲು ಆಟಗಳು ಡ್ರಾ ಆಗಿವೆ. ಇಷ್ಟು ಸಾಕ್ಷ್ಯ ಬೇರೆ ಯಾವ ವಿಜ್ಞಾನದಲ್ಲಿ ಸಿಕ್ಕಿದ್ದರೂ ನಾವು ಅದನ್ನು ಸತ್ಯವೆಂದೇ ಸ್ವೀಕರಿಸುತ್ತಿದ್ದೆವು. ಚೆಸ್ಸಿಗೆ ಮಾತ್ರ ಬೇರೆ ಅಳತೆಗೋಲು ಏಕೆ?

ಕೊನೆಯಾಟ:

ಹಿಮ್ಮುಖನಡೆ ಅವರೇ, ಫಲಿತಾಂಶ ಡ್ರಾ ಎಂಬುದನ್ನು ನಾನೂ ನಂಬುತ್ತೇನೆ. ಆದರೆ ನಂಬಿಕೆಗೂ ರುಜುವಾತಿಗೂ ನಡುವೆ ಎಷ್ಟು ದೂರವಿರಬಹುದು ಎಂಬುದಕ್ಕೆ ಚೆಸ್ಸಿನ ಒಳಗೇ ಒಂದು ಉದಾಹರಣೆಯಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತಿದೆ.

ಒಂದು ಕಡೆ ರಾಜ ಮತ್ತು ಎರಡು ಒಂಟೆಗಳು, ಇನ್ನೊಂದು ಕಡೆ ರಾಜ ಮತ್ತು ಒಂದು ಕುದುರೆ. ಒಟ್ಟು ಐದೇ ಕಾಯಿಗಳು. 1851ರಲ್ಲಿ ಕ್ಲಿಂಗ್ ಮತ್ತು ಹಾರ್ವಿಟ್ಸ್ ಎಂಬ ಇಬ್ಬರು ಪಂಡಿತರು ಕುದುರೆಯನ್ನು ಮೂಲೆಯ ಹತ್ತಿರ ರಾಜನ ಜೊತೆಗೆ ನಿಲ್ಲಿಸಿಕೊಂಡು ಕೋಟೆಯಂತೆ ರಕ್ಷಿಸಿಕೊಳ್ಳುವ ಒಂದು ವ್ಯೂಹವನ್ನು ಪ್ರಕಟಿಸಿ, ಇದು ಡ್ರಾ ಎಂದರು. ಮುಂದಿನ ನೂರಮೂವತ್ತಕ್ಕೂ ಹೆಚ್ಚು ವರ್ಷ ಕೊನೆಯಾಟದ ಪುಸ್ತಕಗಳು ಅದನ್ನೇ ಹೇಳಿದವು, ಗ್ರ್ಯಾಂಡ್‌ಮಾಸ್ಟರ್‌ಗಳು ಅದನ್ನೇ ಕಲಿತರು, ಅದನ್ನು ಸುಳ್ಳೆಂದು ತೋರಿಸುವ ಒಂದು ಆಟವೂ ಎದುರಾಗಲಿಲ್ಲ. 1983ರಲ್ಲಿ ಕೆನ್ ಥಾಂಪ್ಸನ್ ಅವರು ಆ ಐದು ಕಾಯಿಗಳ ಎಲ್ಲ ಸ್ಥಿತಿಗಳನ್ನೂ ಕಂಪ್ಯೂಟರಿನಿಂದ ಚೆಕ್‌ಮೇಟ್‌ನಿಂದ ಹಿಂದಕ್ಕೆ ಎಣಿಸಿಕೊಂಡು ಬಂದಾಗ ತಿಳಿದದ್ದು ಬೇರೆ: ಕೆಲವು ಅಪವಾದಗಳನ್ನು ಬಿಟ್ಟರೆ ಒಂಟೆಗಳ ಕಡೆಯವರು ಗೆಲ್ಲುತ್ತಾರೆ, ಆ ಕೋಟೆಯೂ ಒಡೆಯುತ್ತದೆ, ಆದರೆ ಅದಕ್ಕೆ 66 ನಡೆಗಳವರೆಗೆ ಬೇಕಾಗಬಹುದು. ಮನುಷ್ಯರ ಅನುಭವವೆಲ್ಲ ಒಂದೇ ದಿಕ್ಕಿನಲ್ಲಿತ್ತು, ಸತ್ಯ ಇನ್ನೊಂದು ದಿಕ್ಕಿನಲ್ಲಿತ್ತು.

ಅದೇ ಥಾಂಪ್ಸನ್ ಅವರು 1970ರ ದಶಕದ ಕೊನೆಯಲ್ಲಿ ಮಂತ್ರಿ ವಿರುದ್ಧ ಆನೆಯ ಕೊನೆಯಾಟದ ಕೋಷ್ಟಕವನ್ನು, ಅಂದರೆ ಪ್ರತಿ ಸ್ಥಿತಿಗೂ ಸರಿಯಾದ ಉತ್ತರವನ್ನು ಬರೆದಿಟ್ಟ ಪಟ್ಟಿಯನ್ನು, ಸಿದ್ಧಪಡಿಸಿದ್ದರು. ಮಂತ್ರಿಯ ಕಡೆಗೆ ಸುಲಭ ಗೆಲುವೆಂದು ಎಲ್ಲ ಪುಸ್ತಕಗಳೂ ಹೇಳುತ್ತಿದ್ದ ಸ್ಥಿತಿ ಅದು. ಅಮೆರಿಕದ ಚಾಂಪಿಯನ್ ಆಗಿದ್ದ ವಾಲ್ಟರ್ ಬ್ರೌನ್ ಅವರು ಮಂತ್ರಿಯನ್ನು ಹಿಡಿದು ಯಂತ್ರದ ಎದುರು ಕುಳಿತರು. 31 ನಡೆಗಳಲ್ಲಿ ಗೆಲ್ಲಬಹುದಾದ ಸ್ಥಿತಿ ಕೊಟ್ಟಿದ್ದರೂ 50 ನಡೆಗಳ ಮಿತಿಯೊಳಗೆ ಅವರಿಗೆ ಗೆಲ್ಲಲಾಗಲಿಲ್ಲ. ಯಂತ್ರವು ಆನೆಯನ್ನು ರಾಜನ ಪಕ್ಕದಲ್ಲಿ ಇಟ್ಟುಕೊಳ್ಳಬೇಕೆಂಬ ರೂಢಿಯನ್ನು ಬಿಟ್ಟು, ಮನುಷ್ಯರು ಆಡಲು ಹಿಂಜರಿಯುವ ದೂರದ ಮನೆಗಳಿಗೆ ಅದನ್ನು ಕಳಿಸಿ ಕಾಪಾಡಿಕೊಂಡಿತು. ಬ್ರೌನ್ ಅವರು ಮನೆಗೆ ಹೋಗಿ ಆ ಕೊನೆಯಾಟವನ್ನೇ ಅಭ್ಯಾಸ ಮಾಡಿ ಮತ್ತೆ ಬಂದು, ಸರಿಯಾಗಿ 50ನೆಯ ನಡೆಗೆ ಆನೆಯನ್ನು ಗೆದ್ದರು.

ನಾಲ್ಕು ಕಾಯಿಗಳಲ್ಲಿ ಹೀಗೆ, ಐದು ಕಾಯಿಗಳಲ್ಲಿ ಹಾಗೆ. 32 ಕಾಯಿಗಳ ಬಗ್ಗೆ ನಮ್ಮ ಒಮ್ಮತವನ್ನು ನಾನು ಗೌರವಿಸುತ್ತೇನೆ, ಆದರೆ ಅದನ್ನು ಸಿದ್ಧವಾದ ಸಂಗತಿಯೆಂದು ಕರೆಯಲಾರೆ.

ಹಿಮ್ಮುಖನಡೆ:

ಒಂದು ವ್ಯತ್ಯಾಸವನ್ನು ಗಮನಿಸಬೇಕು. ಎರಡು ಒಂಟೆಗಳ ಕೊನೆಯಾಟ ಡ್ರಾ ಮತ್ತು ಗೆಲುವಿನ ಗಡಿಯ ಮೇಲೆಯೇ ಇದ್ದ ಪ್ರಶ್ನೆ. ಒಂದು ಕಾಯಿಯಷ್ಟು ಮುಂದಿದ್ದ ಕಡೆಯವರು ಗೆಲ್ಲಬಲ್ಲರೇ ಎಂಬುದು ಅಲ್ಲಿನ ಸಂಶಯ. ಆರಂಭದ ಸ್ಥಿತಿಯಲ್ಲಿ ಬಿಳಿಗೆ ಇರುವುದು ಒಂದು ನಡೆಯ ಮುನ್ನಡೆ ಮಾತ್ರ, ಅದು ಒಂದು ಪದಾತಿಯ ಬೆಲೆಗಿಂತಲೂ ಸಾಕಷ್ಟು ಕಡಿಮೆ. ಚೆಸ್ಸಿನಲ್ಲಿ ಡ್ರಾಗೆ ಇರುವ ಜಾಗ ವಿಶಾಲವಾದದ್ದು, ಒಂದು ಪದಾತಿ ಕಡಿಮೆಯಿದ್ದರೂ ಉಳಿದುಕೊಳ್ಳುವ ಆಟಗಳು ಲೆಕ್ಕವಿಲ್ಲದಷ್ಟಿವೆ. ಗಡಿಯಿಂದ ಇಷ್ಟು ಒಳಗಿರುವ ಸ್ಥಿತಿಯ ಬಗ್ಗೆ ನಮ್ಮ ನಿರ್ಣಯ ಉರುಳುವುದು ಬಹಳ ಕಷ್ಟ. ಆದರೂ ಸಾಬೀತಾಗಿಲ್ಲ ಎಂಬ ನಿಮ್ಮ ಮಾತು ಸರಿಯೇ. ಹಾಗಾದರೆ ಸಾಬೀತುಪಡಿಸಲು ಎಷ್ಟು ಕೆಲಸ ಬೇಕು? ಎಲ್ಲ 10ರ 44ನೆಯ ಘಾತದ ಸ್ಥಿತಿಗಳನ್ನೂ ಮುಟ್ಟಲೇಬೇಕೇ?

ಗಣಿತಪ್ರಿಯ:

ಇಲ್ಲ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ತಿರುಳು ಇಲ್ಲಿಯೇ ಇದೆ, ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಕರಿಯ ಕಡೆಯವರು ಸೋಲದೆ ಉಳಿಯಬಲ್ಲರು ಎಂದು ತೋರಿಸಬೇಕೆಂದುಕೊಳ್ಳಿ. ಬಿಳಿಗೆ ಮೊದಲ ನಡೆಯಲ್ಲಿ 20 ಆಯ್ಕೆಗಳಿವೆ, ಪ್ರತಿಯೊಂದಕ್ಕೂ ಕರಿಗೆ 20 ಉತ್ತರಗಳಿವೆ. ಇಬ್ಬರೂ ಒಂದೊಂದು ನಡೆ ಆಡಿದ ಮೇಲೆ ಒಟ್ಟು 400 ಸಾಧ್ಯತೆಗಳು. ಆದರೆ ನಮ್ಮ ರುಜುವಾತಿಗೆ ಕರಿಯ ಪ್ರತಿಯೊಂದು ಉತ್ತರವೂ ಬೇಕಾಗಿಲ್ಲ. ಬಿಳಿಯ 20 ನಡೆಗಳಿಗೂ ಒಂದೊಂದು ಒಳ್ಳೆಯ ಉತ್ತರವಿದ್ದರೆ ಸಾಕು. ಅಲ್ಲಿಗೆ 400ರ ಬದಲು 20 ಸ್ಥಿತಿಗಳನ್ನು ಮುಂದಕ್ಕೆ ಒಯ್ದರೆ ಸಾಕಾಯಿತು. ಇದೇ ಉಳಿತಾಯ ಪ್ರತಿ ಹಂತದಲ್ಲೂ ಮುಂದುವರಿದರೆ, ಹುಡುಕಬೇಕಾದ ಮರದ, ಅಂದರೆ ಕವಲೊಡೆಯುತ್ತಾ ಹೋಗುವ ನಡೆಗಳ ಜಾಲದ, ಗಾತ್ರ ಮೂಲದ ವರ್ಗಮೂಲಕ್ಕೆ ಇಳಿಯುತ್ತದೆ. ಬಿಳಿಯೂ ಸೋಲದೆ ಉಳಿಯಬಲ್ಲದು ಎಂಬುದಕ್ಕೆ ಇನ್ನೊಂದು ಅಂತಹದೇ ಮರ ಬೇಕು. ಎರಡೂ ಸಿಕ್ಕಿದರೆ ಚೆಸ್ ಡ್ರಾ ಎಂದು ಸಿದ್ಧವಾದಂತೆ. ಒಳ್ಳೆಯ ಉತ್ತರ ಯಾವುದೆಂದು ಮೊದಲೇ ಊಹಿಸುವುದರಲ್ಲಿ ಇಂದಿನ ಎಂಜಿನ್‌ಗಳು ಅಸಾಧಾರಣ ಸಮರ್ಥವಾಗಿರುವುದರಿಂದ, ಅವುಗಳ ಊಹೆ ರುಜುವಾತಲ್ಲವಾದರೂ ರುಜುವಾತನ್ನು ಹುಡುಕುವ ಕೆಲಸಕ್ಕೆ ಅತ್ಯುತ್ತಮ ಸಾಧನ.

ಈ ದಾರಿಯಲ್ಲಿ ಗೆದ್ದ ಅತಿ ದೊಡ್ಡ ಉದಾಹರಣೆಗಳಲ್ಲಿ ಒಂದು ಚೆಕರ್ಸ್ ಎಂಬ ಮಣೆಯಾಟ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೊನಾಥನ್ ಶೆಫರ್ ಮತ್ತು ಅವರ ತಂಡ 1989ರಲ್ಲಿ ಆರಂಭಿಸಿದ ಕೆಲಸ 2007ರಲ್ಲಿ ಮುಗಿಯಿತು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಚೆಕರ್ಸ್ ಡ್ರಾ ಎಂದು ಸಿದ್ಧವಾಯಿತು. ಆ ಆಟದಲ್ಲಿ ಸುಮಾರು 5 ಗುಣಿಸು 10ರ 20ನೆಯ ಘಾತದಷ್ಟು ಸ್ಥಿತಿಗಳಿವೆ. ತಂಡವು 10 ಕಾಯಿಗಳವರೆಗಿನ ಎಲ್ಲ ಕೊನೆಯಾಟಗಳ 39 ಲಕ್ಷ ಕೋಟಿ ಸ್ಥಿತಿಗಳ ಕೋಷ್ಟಕವನ್ನು ಹಿಂದಿನಿಂದ ಕಟ್ಟಿಕೊಂಡು ಬಂದು, ಮುಂದಿನಿಂದ ಹುಡುಕುತ್ತಾ ಹೋಗಿ ಎರಡನ್ನೂ ಕೂಡಿಸಿತು. ಒಟ್ಟು ಸುಮಾರು 10ರ 14ನೆಯ ಘಾತದಷ್ಟು ಲೆಕ್ಕಗಳು ಸಾಕಾದವು. ಎಲ್ಲ ಸ್ಥಿತಿಗಳಿಗೆ ಹೋಲಿಸಿದರೆ ಇದು ಐವತ್ತು ಲಕ್ಷದಲ್ಲಿ ಒಂದು ಪಾಲು.

ಈಗ ಗಮನಿಸಿ: ಚೆಕರ್ಸ್‌ಗೆ ವರ್ಗಮೂಲದಷ್ಟೇ ಕೆಲಸ ಸಾಕಾಗಿದ್ದರೆ 10ರ 10ನೆಯ ಘಾತದ ಸುತ್ತ ಮುಗಿಯಬೇಕಿತ್ತು. ನಿಜವಾಗಿ ಬೇಕಾದದ್ದು, ಘಾತದ ಲೆಕ್ಕದಲ್ಲಿ, ಸುಮಾರು ಮೂರನೆಯ ಎರಡು ಭಾಗ. ಅದೇ ಅನುಪಾತವನ್ನು ಚೆಸ್ಸಿಗೆ ಹಚ್ಚಿದರೆ 10ರ 30ನೆಯ ಘಾತ ಬರುತ್ತದೆ. ವರ್ಗಮೂಲವನ್ನೇ ಹಿಡಿದರೆ ಸುಮಾರು 2.2 ಗುಣಿಸು 10ರ 22ನೆಯ ಘಾತ. ಸೆಕೆಂಡಿಗೆ ನೂರು ಕೋಟಿ ಸ್ಥಿತಿಗಳನ್ನು ನೋಡಬಲ್ಲ ಹತ್ತು ಲಕ್ಷ ಯಂತ್ರಗಳನ್ನು ಒಟ್ಟಿಗೆ ದುಡಿಸಿದರೆ, ಎರಡನೆಯ ಲೆಕ್ಕದಲ್ಲಿ ಕೆಲಸ ಎಂಟು ತಿಂಗಳಲ್ಲಿ ಮುಗಿಯುತ್ತದೆ; ಮೊದಲನೆಯ ಲೆಕ್ಕದಲ್ಲಿ ಮೂರು ಕೋಟಿ ವರ್ಷ ಹಿಡಿಯುತ್ತದೆ. ಘಾತದಲ್ಲಿನ ಒಂದು ಸಣ್ಣ ಭಿನ್ನರಾಶಿಯ ವ್ಯತ್ಯಾಸವೇ ಸಾಧ್ಯ ಮತ್ತು ಅಸಾಧ್ಯಗಳ ನಡುವಿನ ಅಂತರವಾಗಿ ನಿಲ್ಲುತ್ತದೆ. ನನ್ನ ಊಹೆಯಲ್ಲಿ ಚೆಸ್ ಚೆಕರ್ಸ್‌ಗಿಂತ ಹಠಮಾರಿ. ಚೆಕರ್ಸ್‌ನಲ್ಲಿ ಹೊಡೆಯುವ ಅವಕಾಶ ಬಂದರೆ ಹೊಡೆಯಲೇಬೇಕು, ಹಾಗಾಗಿ ಆಟ ಬೇಗ ಕೋಷ್ಟಕದೊಳಗೆ ಇಳಿಯುತ್ತದೆ. ಚೆಸ್ಸಿನಲ್ಲಿ ಅಂತಹ ಕಡ್ಡಾಯವಿಲ್ಲ. ಹೊಡೆಯುವುದನ್ನು ಕಡ್ಡಾಯ ಮಾಡಿದ, ಎಲ್ಲ ಕಾಯಿಗಳನ್ನೂ ಕಳೆದುಕೊಂಡವರೇ ಗೆಲ್ಲುವ ಸೋಲುವ ಚೆಸ್ ಎಂಬ ರೂಪಾಂತರವನ್ನು ಮಾರ್ಕ್ ವಾಟ್ಕಿನ್ಸ್ ಅವರು 2016ರಲ್ಲಿ ಬಿಡಿಸಿದರು; ರಾಜನ ಮುಂದಿನ ಪದಾತಿಯನ್ನು ಒಂದು ಮನೆ ನಡೆಸಿದರೆ ಬಿಳಿಗೆ ಗೆಲುವು. ಮಣೆಯೂ ಅದೇ, ಕಾಯಿಗಳೂ ಅವೇ. ಒಂದು ನಿಯಮ ಬದಲಾದದ್ದರಿಂದ ಮರ ಅಷ್ಟು ಸಣ್ಣದಾಯಿತು.

ಹೊಸಓದುಗ:

ಗಣಿತಪ್ರಿಯ ಅವರೇ, ತಮ್ಮ ವಿವರಣೆ ಅರ್ಥವಾಯಿತು. ಎರಡು ಸಂದೇಹಗಳಿವೆ. ಕ್ವಾಂಟಂ ಕಂಪ್ಯೂಟರ್‌ಗಳು ಬಂದರೆ ಈ ಲೆಕ್ಕವೆಲ್ಲ ತಲೆಕೆಳಗಾಗುವುದಿಲ್ಲವೇ? ಮತ್ತು ಆಲ್ಫಾಝೀರೋ ತರಹದ ಕೃತಕ ಬುದ್ಧಿಮತ್ತೆ ಚೆಸ್ಸಿನ ಗುಟ್ಟನ್ನೇ ಒಂದು ಚಿಕ್ಕ ಸೂತ್ರವಾಗಿ ಕಂಡುಹಿಡಿಯಬಾರದೇ?

ಗಣಿತಪ್ರಿಯ:

ಮೊದಲನೆಯದಕ್ಕೆ: ಕ್ವಾಂಟಂ ಹುಡುಕಾಟದಿಂದ ಈಗ ತಿಳಿದಿರುವ ಲಾಭ ವರ್ಗಮೂಲದಷ್ಟು. 10ರ 30ನೆಯ ಘಾತ 10ರ 15ನೆಯ ಘಾತವಾಗಬಹುದು ಎಂದುಕೊಂಡರೂ, ಆ ಹಂತಗಳನ್ನು ಒಂದರ ನಂತರ ಒಂದಾಗಿ, ನಡುವೆ ಎಲ್ಲೂ ತಪ್ಪಾಗದಂತೆ ನಡೆಸಬೇಕು. ಸೆಕೆಂಡಿಗೆ ಹತ್ತು ಲಕ್ಷ ಹಂತಗಳಂತೆ ಅದಕ್ಕೆ ಮೂವತ್ತು ವರ್ಷ ಬೇಕು. ಅಲ್ಲದೆ ಚೆಕರ್ಸ್‌ನ ಸಾಧನೆ ನಿಂತಿದ್ದೇ ಒಮ್ಮೆ ನೋಡಿದ ಸ್ಥಿತಿಯನ್ನು ನೆನಪಿಟ್ಟುಕೊಂಡು ಮತ್ತೆ ನೋಡದಿರುವ ಉಪಾಯದ ಮೇಲೆ. ಆ ಬೃಹತ್ ನೆನಪನ್ನು ಕ್ವಾಂಟಂ ಯಂತ್ರದೊಳಗೆ ಇಡುವುದು ಹೇಗೆಂಬುದೇ ದೊಡ್ಡ ಸಮಸ್ಯೆ.

ಎರಡನೆಯದು ಹೆಚ್ಚು ಆಳವಾದ ಪ್ರಶ್ನೆ. 1981ರಲ್ಲಿ ಫ್ರೆಂಕೆಲ್ ಮತ್ತು ಲಿಕ್ಟೆನ್‌ಸ್ಟೈನ್ ಅವರು, ಮಣೆಯ ಗಾತ್ರವನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದಾದ ಸಾಮಾನ್ಯೀಕೃತ ಚೆಸ್ಸಿನಲ್ಲಿ, ಕೊಟ್ಟ ಸ್ಥಿತಿಯಲ್ಲಿ ಯಾರು ಗೆಲ್ಲುತ್ತಾರೆಂದು ನಿರ್ಧರಿಸಲು ಗಾತ್ರದೊಂದಿಗೆ ಘಾತೀಯವಾಗಿ ಬೆಳೆಯುವ ಸಮಯ ಬೇಕೇ ಬೇಕು ಎಂದು ಸಾಧಿಸಿದರು. ಎಲ್ಲ ಗಾತ್ರಗಳಿಗೂ ಒದಗುವ ಅಡ್ಡದಾರಿಯಿಲ್ಲ ಎಂಬುದು ಇದರ ಅರ್ಥ. ಆದರೆ ನಮ್ಮ 64 ಮನೆಗಳ ಮಣೆ ಒಂದೇ ಒಂದು ಗಾತ್ರ; ಅದಕ್ಕೆ ಮಾತ್ರ ಅನ್ವಯಿಸುವ ಚಿಕ್ಕ ಸೂತ್ರವನ್ನು ಈ ಪ್ರಮೇಯ ತಳ್ಳಿಹಾಕುವುದಿಲ್ಲ. ನನಗೆ ಭರವಸೆ ಕಡಿಮೆ. 7 ಕಾಯಿಗಳ ಕೋಷ್ಟಕದಲ್ಲಿ ಚೆಕ್‌ಮೇಟ್‌ಗೆ 549 ನಡೆಗಳು ಬೇಕಾಗುವ ಒಂದು ಸ್ಥಿತಿಯಿದೆ. ಅದರ ನಡೆಗಳನ್ನು ಕುಳಿತು ನೋಡಿದವರಿಗೆ ನೂರಾರು ನಡೆಗಳವರೆಗೆ ಯಾವ ಉದ್ದೇಶವೂ ಕಾಣುವುದಿಲ್ಲ. ಕಾಯಿಗಳು ಸುಮ್ಮನೆ ಅಲೆದಾಡಿದಂತೆ ತೋರುತ್ತವೆ. ಅಲ್ಲಿ ಗುಟ್ಟೇನಾದರೂ ಇದ್ದರೆ ಅದು ನಮ್ಮ ಭಾಷೆಯಲ್ಲಿ ಹೇಳುವಂತಹದ್ದಲ್ಲ ಎನಿಸುತ್ತದೆ.

ಒಡೆಯರ ಮಣೆ:

ಇಷ್ಟು ಹೊತ್ತು ಓದುತ್ತಿದ್ದೆ. ಯಾರೂ ಎತ್ತದ ಒಂದು ವಿಷಯವನ್ನು ಸೇರಿಸಬೇಕೆನಿಸಿತು: ಯಂತ್ರವು ಬಿಡಿಸಿದೆ ಎಂದು ಹೇಳಿದರೆ ಅದನ್ನು ನಾವು ನಂಬುವುದು ಹೇಗೆ?

ಮೈಸೂರಿನವರಿಗೆ ಚಿರಪರಿಚಿತವಾದ ಸಂಗತಿಯಿಂದ ಹೊರಡುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಣೆಯಾಟಗಳಲ್ಲಿ ಅಪಾರ ಆಸಕ್ತಿಯಿತ್ತು. ಕುದುರೆಯು ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮುಟ್ಟಿ 64 ಮನೆಗಳನ್ನು ಸುತ್ತುವ ಬಂಧಗಳನ್ನು ಅವರು ರಚಿಸಿದ್ದರು. ಮನೆಗಳಿಗೆ ಕುದುರೆ ಹೋದ ಕ್ರಮದಲ್ಲಿ ಅಂಕೆಗಳನ್ನು ಬರೆದರೆ ಅಡ್ಡಸಾಲು, ಕಂಬಸಾಲುಗಳ ಮೊತ್ತವೆಲ್ಲ 260 ಬರುವ ಬಂಧಗಳೂ ಈ ಪರಂಪರೆಯಲ್ಲಿವೆ. ಎರಡು ಕರ್ಣಗಳ ಮೊತ್ತವೂ 260 ಬರುವ ಬಂಧ ಸಾಧ್ಯವೇ ಎಂಬುದು ಬಹುಕಾಲ ಉತ್ತರವಿಲ್ಲದೆ ಉಳಿದಿತ್ತು. 2003ರಲ್ಲಿ ಕಂಪ್ಯೂಟರ್‌ಗಳು ಎಲ್ಲ ಸಾಧ್ಯತೆಗಳನ್ನೂ ಜಾಲಾಡಿ, ಕರ್ಣಗಳನ್ನು ಬಿಟ್ಟು ಉಳಿದ ನಿಯಮಗಳಿಗೆ ಒಪ್ಪುವ 140 ಬೇರೆಬೇರೆ ಬಂಧಗಳಿವೆ, ಕರ್ಣಗಳಿಗೂ ಒಪ್ಪುವುದು ಒಂದೂ ಇಲ್ಲ ಎಂದು ತೀರ್ಮಾನಿಸಿದವು.

ಅದೇ 64 ಮನೆಗಳಲ್ಲಿ ಹೊರಟಲ್ಲಿಗೇ ಮರಳುವ ಕುದುರೆ ಸುತ್ತುಗಳು ಒಟ್ಟು ಎಷ್ಟು ಎಂಬ ಪ್ರಶ್ನೆಗೆ 1996ರಲ್ಲಿ ಒಂದು ಸಂಶೋಧನ ಲೇಖನ 33,439,123,484,294 ಎಂಬ ಉತ್ತರ ಕೊಟ್ಟಿತು. ಆ ಸಂಖ್ಯೆ 4ರಿಂದ ಭಾಗವಾಗಬೇಕಿತ್ತು, ಭಾಗವಾಗುವುದಿಲ್ಲ. ಲೆಕ್ಕ ತಪ್ಪಿತ್ತು. 1997ರಲ್ಲಿ ಬ್ರೆಂಡನ್ ಮೆಕೇ ಅವರು ಬೇರೆ ವಿಧಾನದಿಂದ ಎಣಿಸಿ 13,267,364,410,532 ಎಂದು ತೋರಿಸಿದರು. ಎಣಿಕೆಯ ಪ್ರಶ್ನೆಯಾದ್ದರಿಂದ 4ರಿಂದ ಭಾಗಿಸಿ ನೋಡುವ ಒಂದು ಒರೆಗಲ್ಲು ಅಲ್ಲಿ ಇತ್ತು. ಚೆಸ್ ಡ್ರಾ ಎಂಬ ಉತ್ತರಕ್ಕೆ ಅಂತಹ ಒರೆಗಲ್ಲು ಯಾವುದಿದೆ? 10ರ 30ನೆಯ ಘಾತದಷ್ಟು ಹಂತಗಳ ನಡುವೆ ಒಂದೇ ಒಂದು ಬಿಟ್ ಅಡಿಮೇಲಾದರೆ ಇಡೀ ಕಟ್ಟಡ ನಿಲ್ಲುವುದೇ?

ಕೊನೆಯಾಟ:

ಒಡೆಯರ ಮಣೆ ಅವರಿಗೆ ಧನ್ಯವಾದಗಳು, ಇದು ಬಹಳ ಮುಖ್ಯವಾದ ಅಂಶ. ಭಾಗಶಃ ಉತ್ತರವೊಂದಿದೆ. ದುರ್ಬಲ ಪರಿಹಾರವೆಂಬುದು ಒಂದು ತೀರ್ಪು ಮಾತ್ರವಲ್ಲ, ಆಡಿ ತೋರಿಸಬಲ್ಲ ಒಂದು ದಾರಿಯೂ ಹೌದು. ಸಂಶಯವಿರುವವರು ಎದುರು ಕುಳಿತು ತಮಗೆ ಬೇಕಾದ ನಡೆಗಳನ್ನು ಆಡಿ, ಎಲ್ಲಾದರೂ ಅದು ಸೋಲುತ್ತದೆಯೇ ಎಂದು ಪರೀಕ್ಷಿಸಬಹುದು. ಕೊನೆಯಾಟದ ಕೋಷ್ಟಕಗಳಲ್ಲಿ ಇನ್ನೂ ಒಳ್ಳೆಯ ಒರೆಗಲ್ಲಿದೆ: ಒಂದು ಸ್ಥಿತಿ 20 ನಡೆಗಳಲ್ಲಿ ಗೆಲುವು ಎಂದು ಬರೆದಿದ್ದರೆ, ಅಲ್ಲಿಂದ 19 ಎಂದು ಬರೆದ ಸ್ಥಿತಿಗೆ ಒಂದು ನಡೆ ಇರಲೇಬೇಕು. ಪ್ರತಿ ನಮೂದನ್ನೂ ಅದರ ನೆರೆಯ ನಮೂದುಗಳೊಂದಿಗೆ ಹೋಲಿಸಿ ನೋಡಬಹುದು, ಮತ್ತು ಬೇರೆಬೇರೆ ತಂಡಗಳು ಬೇರೆಬೇರೆ ವಿಧಾನಗಳಿಂದ ಕಟ್ಟಿದ ಕೋಷ್ಟಕಗಳನ್ನು ಒಂದಕ್ಕೊಂದು ಹೊಂದಿಸಿ ನೋಡಬಹುದು. ಮಾಸ್ಕೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಲ್ಲಿ 2012ರಲ್ಲಿ ಸಿದ್ಧವಾದ 7 ಕಾಯಿಗಳ ಕೋಷ್ಟಕ ಸುಮಾರು 140 ಟೆರಾಬೈಟ್ ಇತ್ತು. ರೊನಾಲ್ಡ್ ಡಿ ಮಾನ್ ಅವರು ರೂಪಿಸಿದ ಸಿಝಿಜಿ ವಿಧಾನದಲ್ಲಿ 2018ರಲ್ಲಿ ಸಿದ್ಧವಾದದ್ದು ಸುಮಾರು 17 ಟೆರಾಬೈಟಿಗೆ ಇಳಿಯಿತು.

ಹಿಮ್ಮುಖನಡೆ:

ಆ ಗಾತ್ರಗಳನ್ನೇ ನೋಡಿದರೆ ಎದೆಗುಂದುತ್ತದೆ. ಸಿಝಿಜಿಯಲ್ಲಿ 5 ಕಾಯಿಗಳವರೆಗೆ ಸುಮಾರು 1 ಗಿಗಾಬೈಟ್, 6ಕ್ಕೆ ಸುಮಾರು 150 ಗಿಗಾಬೈಟ್, 7ಕ್ಕೆ 17 ಟೆರಾಬೈಟ್. ಪ್ರತಿ ಕಾಯಿಗೂ ನೂರು ಪಟ್ಟಿಗಿಂತ ಹೆಚ್ಚು. ಇನ್ನೂ 25 ಕಾಯಿಗಳು ಬಾಕಿ.

ಗಣಿತಪ್ರಿಯ:

ಆ ಅನುಪಾತ ಕೊನೆಯವರೆಗೆ ನಡೆಯಲಾರದು. ಪ್ರತಿ ಕಾಯಿಗೆ ನೂರು ಪಟ್ಟಿನಂತೆ 25 ಕಾಯಿ ಸೇರಿಸಿದರೆ 10ರ 63ನೆಯ ಘಾತ ದಾಟುತ್ತದೆ, ಒಟ್ಟು ಸ್ಥಿತಿಗಳೇ ಅಷ್ಟಿಲ್ಲ. ಮಣೆ ತುಂಬುತ್ತಾ ಹೋದಂತೆ ಖಾಲಿ ಮನೆಗಳು ಕಡಿಮೆಯಾಗುತ್ತವೆ, ಪದಾತಿಗಳು ಒಂದರೆದುರು ಒಂದು ನಿಂತು ಬಡ್ತಿಯ ದಾರಿ ಮುಚ್ಚುತ್ತದೆ, ಬೆಳವಣಿಗೆ ನಿಧಾನವಾಗಿ ಕೊನೆಗೆ ತಿರುಗಿ ಇಳಿಯುತ್ತದೆ. 32 ಕಾಯಿಗಳೂ ಇರುವ ಸ್ಥಿತಿಗಳಿಗಿಂತ ಕೆಲವು ಕಾಯಿ ಕಳೆದ ನಡುವಿನ ಸ್ಥಿತಿಗಳೇ ಹೆಚ್ಚು. ಆದರೂ ತಾವು ಹೇಳಿದ ಭಾರ ಸುಳ್ಳಲ್ಲ. ಕೋಷ್ಟಕ ಹಿಂದಿನಿಂದ 8 ಅಥವಾ 9 ಕಾಯಿಗಳವರೆಗೆ ಬರಬಹುದು. ಮುಂದಿನಿಂದ ಹೊರಟ ಹುಡುಕಾಟ ಆ ಗಡಿಯನ್ನು ಮುಟ್ಟುವವರೆಗಿನ ನಡುವಿನ ಬಯಲಿನಲ್ಲಿಯೇ ಕಷ್ಟವೆಲ್ಲ ಇದೆ.

ಹೊಸಓದುಗ:

ಕೊನೆಯದಾಗಿ ಒಂದು ಪ್ರಶ್ನೆ. 549 ನಡೆಗಳ ಗೆಲುವು ಎಂದಿರಿ. ಹೊಡೆತವಿಲ್ಲದೆ, ಪದಾತಿ ಚಲಿಸದೆ 50 ನಡೆ ಕಳೆದರೆ ಡ್ರಾ ಕೇಳಬಹುದಲ್ಲವೇ? ಹಾಗಿದ್ದರೆ ಅದು ಗೆಲುವು ಹೇಗಾಯಿತು?

ಕೊನೆಯಾಟ:

ಒಳ್ಳೆಯ ಪ್ರಶ್ನೆ, ಮತ್ತು ಇದಕ್ಕೆ ಉತ್ತರ ಹೇಳದೆ ಚೆಸ್ಸನ್ನು ಬಿಡಿಸುವ ಮಾತನ್ನೇ ಆಡುವಂತಿಲ್ಲ. ಪಂದ್ಯದ ನಿಯಮದಂತೆ ಆ ಸ್ಥಿತಿ ಡ್ರಾ ಆಗಿಬಿಡುತ್ತದೆ. ಎರಡು ಒಂಟೆಗಳ ಕೊನೆಯಾಟದಂತಹ ಶೋಧಗಳಾದ ಮೇಲೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ಸಂಸ್ಥೆಯು ಕೆಲವು ಕೊನೆಯಾಟಗಳಿಗೆ 50ರ ಮಿತಿಯನ್ನು ಹಿಗ್ಗಿಸಿತ್ತು. 1992ರಲ್ಲಿ ಆ ವಿನಾಯಿತಿಗಳನ್ನು ತೆಗೆದು ಎಲ್ಲಕ್ಕೂ 50 ಎಂದೇ ಉಳಿಸಿಕೊಂಡಿತು. ಆದ್ದರಿಂದ ಮಾಸ್ಕೋ ಕೋಷ್ಟಕ ಬಿಡಿಸಿದ್ದು ಆ ಮಿತಿಯಿಲ್ಲದ ಚೆಸ್ಸನ್ನು. ಸಿಝಿಜಿ ಬಿಡಿಸಿದ್ದು ಮಿತಿಯನ್ನು ಗಣನೆಗೆ ತೆಗೆದುಕೊಳ್ಳುವ ಚೆಸ್ಸನ್ನು. ಎರಡನೆಯದರಲ್ಲಿ ಮಣೆಯ ಚಿತ್ರವೊಂದೇ ಸ್ಥಿತಿಯಲ್ಲ, ಕೊನೆಯ ಹೊಡೆತ ಅಥವಾ ಪದಾತಿಯ ನಡೆಯಾಗಿ ಎಷ್ಟು ನಡೆ ಕಳೆದಿದೆ ಎಂಬುದೂ ಅದರ ಭಾಗವಾಗುತ್ತದೆ, ಅಂದರೆ 10ರ 44ನೆಯ ಘಾತದ ಲೆಕ್ಕಕ್ಕೆ ಇನ್ನೂ ನೂರು ಪಟ್ಟಿನವರೆಗೆ ಸೇರಬಹುದು. ಇನ್ನೊಂದು ಕಡೆಯಿಂದ ನೋಡಿದರೆ, ಈ ಮಿತಿ ಡ್ರಾ ಸಾಧಿಸಲು ಹೊರಟವರಿಗೆ ಸಹಾಯವನ್ನೇ ಮಾಡುತ್ತದೆ. ಮುರಿಯಲಾಗದ ಕೋಟೆಯೆಂದು ತೋರಿಸುವ ಬದಲು 50 ನಡೆ ತಡೆದರೆ ಸಾಕು. ಮಿತಿಯಿರುವ ಚೆಸ್ ಡ್ರಾ ಎಂದು ಎಂದಾದರೂ ಸಿದ್ಧವಾದರೆ, ಮಿತಿಯಿಲ್ಲದ ಚೆಸ್ಸಿನ ಬಗ್ಗೆ ಅದರಿಂದ ಏನನ್ನೂ ಹೇಳಲಾಗುವುದಿಲ್ಲ. ಮಿತಿಯಿಲ್ಲದ ಚೆಸ್ ಡ್ರಾ ಎಂದು ಸಿದ್ಧವಾದರೆ ಮಿತಿಯಿರುವುದಕ್ಕೂ ಅದೇ ಉತ್ತರ ಅನ್ವಯಿಸುತ್ತದೆ, ಏಕೆಂದರೆ ಹೆಚ್ಚಿನ ಅವಕಾಶವಿದ್ದಾಗಲೂ ಗೆಲ್ಲಲಾಗದವರು ಕಡಿಮೆ ಅವಕಾಶದಲ್ಲಿ ಗೆಲ್ಲಲಾರರು. ಈ ಕೆಲಸಕ್ಕೆ ಕೈ ಹಾಕುವವರು ಮೊದಲು ಮಿತಿಯಿರುವ ಆಟವನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ: ಜನ ಆಡುವುದು ಅದನ್ನೇ, ಮತ್ತು ಎರಡರಲ್ಲಿ ಬೇಗ ಬಗ್ಗುವ ಸಂಭವವಿರುವುದೂ ಅದಕ್ಕೇ.